ಹಿಂಡದ ಬೆಡ್‌ಶೀಟು

ಮಾರ್ಚ್ ೯, ಸೋಮವಾರ

"ನಾವಿದ್ದೇವೆ" ಗುಂಪಿಗೆ ಬೆಂಕಿ ಬೀಳಲಿ. ಮೈಯೆಲ್ಲ ಸದಾ ನೋಯುವ ಈ ಫೈಬ್ರೊಮಯಾಲ್ಜಿಯಾ ಇರುವ ನನ್ನಂಥವರಿಗೆ ಆಸರೆಗೆ ಜನ ಬೇಕು ಅಂತ ಡಾಕ್ಟರ್ ಹೇಳಿದ್ದೇ ತಡ, ನಾದಿನಿ ನೆಂಟರನ್ನೆಲ್ಲ ಸೇರಿಸಿ ವಾಟ್ಸಾಪ್ ಗುಂಪು ಕಟ್ಟಿದಳು. ಬೆಳಿಗ್ಗೆ ಗುಲಾಬಿ, ಸಂಜೆ ಉಪದೇಶ. "ಮನಸ್ಸು ಗಟ್ಟಿ ಮಾಡ್ಕೊಳ್ಳಿ ಅತ್ತಿಗೆ, ನೋವು ತಾನಾಗೇ ಹೋಗತ್ತೆ." ಅವಳಿಗೆ ನೆಗಡಿಯಾದರೆ ಮಾತ್ರ ವಾರವಿಡೀ ಹಾಸಿಗೆ.

ಇವತ್ತು ಬಾಯಿಬಿಟ್ಟು ಕೇಳಿದೆ: ಒದ್ದೆ ಬೆಡ್‌ಶೀಟು ಹಿಂಡಿಕೊಡಲು ಯಾರಾದರೂ ಬರ್ತೀರಾ? ಕೈಮುಗಿದ ಚಿತ್ರಗಳು ಬಂದವು. ಪಕ್ಕದ ಬೀದಿಯಲ್ಲೇ ಇರುವ ನಾದಿನಿ ಕೆಂಪು ಹೃದಯ ಕಳಿಸಿದಳು. ಥೂ.

ಹಿಂಡದೆಯೇ ಬಾಲ್ಕನಿಯಲ್ಲಿ ಹರವಿದೆ. ಕೆಳಮನೆಯ ಸಿಡುಕಿ ದಡದಡ ಮೆಟ್ಟಿಲು ಹತ್ತಿ ಬಂದಳು. "ನನ್ನ ಒಣಗಿದ ಬಟ್ಟೆ ಮೇಲೆಲ್ಲ ನೀರು! ಹಿಂಡೋಕೆ ಏನು ಧಾಡಿ ನಿಮಗೆ?" ಬೆರಳು ಮಡಚಿ ತೋರಿಸಲು ಹೋಗಿ ನೋವಿಗೆ ಹಲ್ಲು ಕಚ್ಚಿದೆ. ನೋಡಿದಳು. ಅಯ್ಯೋ ಪಾಪ ಅನ್ನಲಿಲ್ಲ, ಸದ್ಯ. ಬೆಡ್‌ಶೀಟನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ, ನಲ್ಲಿಗೆ ಸುತ್ತಿ, ಒಬ್ಬಳೇ ತಿರುಚಿ ಹಿಂಡಿದಳು. "ಇನ್ಮೇಲೆ ಬಟ್ಟೆ ಒಗೆದಾಗ ಕರೀರಿ. ನಿಮಗೋಸ್ಕರ ಅಲ್ಲ, ನನ್ನ ಬಟ್ಟೆಗೋಸ್ಕರ."

ಈಗ, ಇಷ್ಟು ಹೊತ್ತಿಗೆ, ನಾದಿನಿಯ ಸಂದೇಶ: "ಬೆಡ್‌ಶೀಟು ಏನಾಯ್ತು ಅತ್ತಿಗೆ?"

ಒಂದು ಗುಲಾಬಿ ಕಳಿಸಿ ಮಲಗುತ್ತಿದ್ದೇನೆ.