ಕುರುಗೋಡಿನ ಬಂಡೆಯ ಮೇಲೊಂದು ನಿದ್ದೆ

ಬಳ್ಳಾರಿ, 13 ನವೆಂಬರ್ 1893

1. ಬರೆಯುವವನು: ಮೂವತ್ತು ವರ್ಷ ಅನ್ಯರ ಅರ್ಜಿಗಳನ್ನು ನಕಲು ಮಾಡಿದ ಶ್ರೀಪತಿರಾಯ.
2. ಯಾರಿಗೆ: ಹದಿನೇಳು ವರ್ಷದ ಹಿಂದೆ, ಓದಿನ ನಡುವೆ ಜ್ವರದಿಂದ ತೀರಿಕೊಂಡ ಮಗ ವೆಂಕೋಬನಿಗೆ.
3. ವಿಷಯ: ನಿನ್ನ ಮಗ ವಾದಿರಾಜನ ಎರಡು ದಿನದ ಬಿಡುವು.

ಸದರಿ ವಾದಿರಾಜನು ಕಾಲೇಜಿನ ಎಫ್.ಎ. ಪರೀಕ್ಷೆಯ ಭಯದಿಂದ ಊಟ ಬಿಟ್ಟು, ನಿದ್ದೆಗೆಟ್ಟು, ರೇಖಾಗಣಿತವನ್ನು ಗೋಡೆಗೆ ಒಪ್ಪಿಸತೊಡಗಿದ್ದನು. ಶನಿವಾರ ಅವನ ಸಹಪಾಠಿ, ಸಿರುಗುಪ್ಪದ ಉಜ್ಜಿನಪ್ಪನು ಬಂಡಿ ತಂದು, ಗುಡ್ಡ ಹತ್ತೋಣವೆಂದು ಕುರುಗೋಡಿನ ತನ್ನ ಅಕ್ಕನ ಮನೆಗೆ ಕರೆದನು. ನಮ್ಮ ಮನೆಯ ನಿಯಮದಂತೆ ಕೋರಿಕೆಯನ್ನು ಬರೆದು ಕೊಡತಕ್ಕದ್ದೆಂದೆನು.

“ಗುಡ್ಡ ಹತ್ತಾಕೂ ಅರ್ಜಿ ಬೇಕೇನ್ರಿ, ಅಜ್ಜಾರ? ನೀವು ಅದನ್ನ ತಿದ್ದೂದ್ರಾಗ ನಮ್ಮ ಎತ್ತಿಗೆ ಮುಪ್ಪು ಬರ್ತೈತ್ರಿ! ನೀವೂ ಹತ್ರಿ ಬಂಡಿ,” ಎಂದನು ಉಜ್ಜಿನಪ್ಪ.

ವಾದಿರಾಜನು ನಗಲಿಲ್ಲ. ಅವನ ಕೈ ಆಗಲೇ ಕಾಗದ ಹುಡುಕುತ್ತಿತ್ತು. ಅದನ್ನು ಕಂಡು ನಾನು ಬಂಡಿ ಹತ್ತಿದೆನು.

ಆದಿತ್ಯವಾರ ಬೆಳಿಗ್ಗೆ ಗುಡ್ಡದ ಮೇಲಿದ್ದೆವು. ಕೆಳಗೆ ಮಂಜು ತುಂಬಿ ಊರು, ಹೊಲ ಯಾವುದೂ ಕಾಣದೆ, ಬಂಡೆಗಳು ಮಾತ್ರ ತೇಲುತ್ತಿದ್ದವು. ಹುಡುಗರು ಕೂಗಿದ ಹೆಸರುಗಳು ತಡವಾಗಿ, ಇನ್ನಾರದೋ ದನಿಯಲ್ಲಿ ಮರಳುತ್ತಿದ್ದವು. ಉಜ್ಜಿನಪ್ಪನ ಅಕ್ಕ ಕಟ್ಟಿಕೊಟ್ಟ ರೊಟ್ಟಿಯಲ್ಲಿ ವಾದಿರಾಜನು ಮೂರು ತಿಂದನು. ಮಡಿಯವನಾದ ನಾನು ಅದನ್ನು ನೋಡಲಿಲ್ಲ. ಬಳಿಕ ಅವನು ಬಿಸಿಲಿಗೆ ಬೆಚ್ಚಗಾದ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದನು. ನೀನು ಹಾಗೆ ಮಲಗಿದ್ದನ್ನು ನಾನು ತೊಟ್ಟಿಲಲ್ಲಿ ಮಾತ್ರ ಕಂಡಿದ್ದೆನು.

ಮಧ್ಯಾಹ್ನದವರೆಗೆ ಶಲ್ಯವನ್ನು ನೆರಳಾಗಿ ಹಿಡಿದು ಕುಳಿತೆನು. ಅವನನ್ನು ಎಬ್ಬಿಸಲು ಯಾರಿಗೂ ಅಪ್ಪಣೆ ಕೊಡಲಿಲ್ಲ.

ಇಂತು ಅರಿಕೆ ಮಾಡಿಕೊಳ್ಳುವ,
ನಿನ್ನ ತಂದೆ ಶ್ರೀಪತಿರಾಯ

ಲಗತ್ತು, ಒಂದು: ಪರೀಕ್ಷೆಗೆ ಮುನ್ನ ಎರಡು ದಿನದ ಬಿಡುವು ಕೋರಿ ನೀನು ಕೊಟ್ಟಿದ್ದ ಅರ್ಜಿ. ಅಂದು ಒಕ್ಕಣೆ ಸರಿಯಿಲ್ಲವೆಂದು ಹಿಂದಿರುಗಿಸಿದ್ದು, ಇಂದು ಮಂಜೂರು.