ಹಾಸಿಗೆಯ ಅಂಚಿನಿಂದ ಎದ್ದ ಗಂಡ

ಆರೈಕೆ ಕೇಂದ್ರಗಳ ಗುಣಮಟ್ಟ ಅಳೆಯುವ ಮಾನ್ಯ ಅಧಿಕಾರಿಗಳೇ,

ನನ್ನ ಗಂಡನನ್ನು ನನ್ನ ಹಾಸಿಗೆಯಿಂದ ಎಬ್ಬಿಸಿದವರು ತಾವು. ನಮ್ಮ ಅತ್ತೆಯವರಿಂದಲೂ ಆಗದ ಕೆಲಸವನ್ನು ಒಂದೇ ಭೇಟಿಯಲ್ಲಿ ಮಾಡಿ ಮುಗಿಸಿದಿರಿ, ಅಭಿನಂದನೆಗಳು.

ಮರೆತಿದ್ದರೆ ನೆನಪಿಸುತ್ತೇನೆ. ಇನ್ನು ವಾಸಿಯಾಗುವುದಿಲ್ಲ ಎಂದು ಆಸ್ಪತ್ರೆಗಳು ಕೈಚೆಲ್ಲಿದವರನ್ನು ಕೊನೆಯವರೆಗೂ ನೋಡಿಕೊಳ್ಳುವ ಈ ಕೇಂದ್ರಕ್ಕೆ ತಾವು ಕಳೆದ ತಿಂಗಳು ಪರಿಶೀಲನೆಗೆ ಬಂದಿರಿ. ಕಿಟಕಿ ಪಕ್ಕದ ಹಾಸಿಗೆಯಲ್ಲಿ ನಾನಿದ್ದೆ. ಅದರ ಅಂಚಿನಲ್ಲಿ ಕೂತ ನಮ್ಮ ಯಜಮಾನರು ನನ್ನ ಬಾಯಿಯ ಹತ್ತಿರ ಕಿವಿ ತಂದು ಬಾಗಿದ್ದರು. ತಾವು ಮುಖ ಸಿಂಡರಿಸಿ "ಸೋಂಕು ನಿಯಂತ್ರಣದಲ್ಲಿ ಲೋಪ" ಎಂದಿರಿ. ಮರುದಿನವೇ ಪ್ರತಿ ರೋಗಿಯ ತಲೆಯ ಮೇಲೊಂದು ಫಲಕ: ಸಂದರ್ಶಕರು ಹಾಸಿಗೆಯ ಮೇಲೆ ಕೂರುವಂತಿಲ್ಲ, ಒಂದು ಮೀಟರ್ ದೂರದಲ್ಲಿ ಕುರ್ಚಿ ಬಳಸತಕ್ಕದ್ದು. "ಬೇಜಾರ್ ಮಾಡ್ಕೋಬೇಡಿ ಅಮ್ಮಾ, ನಮ್ಗೆ ಮಾರ್ಕ್ಸ್ ಹೋಗುತ್ತೆ" ಎನ್ನುತ್ತ ಸಿಸ್ಟರ್ ಕುರ್ಚಿ ಎಳೆದಿಟ್ಟರು. ಅವರನ್ನು ನಾನು ದೂರುವುದಿಲ್ಲ. ನನ್ನ ನೋವನ್ನು ಹದ್ದುಬಸ್ತಿನಲ್ಲಿಟ್ಟವರು ಅವರೇ.

ಯಜಮಾನರ ಪ್ಯಾಂಟಿನಿಂದ ರೋಗಾಣು ಹತ್ತಿ ನನ್ನ ದೀರ್ಘಾಯುಷ್ಯಕ್ಕೆಲ್ಲಿ ಕುತ್ತು ಬರುವುದೋ ಎಂಬ ತಮ್ಮ ಆತಂಕಕ್ಕೆ ನಾನು ಋಣಿ. ಆದರೆ ಆ ಪ್ಯಾಂಟು ಹೊಲಿದವಳೂ ನಾನೇ, ಒಗೆದವಳೂ ನಾನೇ. ಅದರಿಂದ ಬರಬೇಕಾದದ್ದೆಲ್ಲ ಎಂದೋ ಬಂದಾಗಿದೆ. ನನಗಿರುವುದು ಗಂಟಲಿನ ಕ್ಯಾನ್ಸರ್. ದನಿ ದಾರದೆಳೆಯಷ್ಟು ಉಳಿದಿದೆ. ಯಜಮಾನರೋ, ಜೀವಮಾನವಿಡೀ ಮುದ್ರಣಯಂತ್ರದ ಸದ್ದಿನಲ್ಲಿ ದುಡಿದು ಒಂದು ಕಿವಿ ಪೂರ್ತಿ, ಇನ್ನೊಂದು ಮುಕ್ಕಾಲು ಕಳೆದುಕೊಂಡವರು. ಕಿವಿಗೆ ಯಂತ್ರ ಹಾಕಿದರೆ ಅದು ಶಿಳ್ಳೆ ಹೊಡೆಯುತ್ತದೆ, ಇವರು ಅದನ್ನು ಬೈಯುತ್ತಾರೆ. ಒಂದು ಮೀಟರ್ ಎಂದರೆ ಎಷ್ಟೆಂದು ದರ್ಜಿಯಾದ ನನಗೆ ಹೇಳಿಕೊಡಬೇಕೇ? ಅಷ್ಟರಲ್ಲಿ ಮಗುವಿಗೊಂದು ಅಂಗಿ ಹೊಲಿಯಬಹುದು, ಸಂಸಾರ ಮಾಡಲಾಗದು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವರ ಬಗ್ಗೆ ಕೇಳಿದ್ದೆ. ತಾವು ನೆಗಡಿ ಬರುವ ಮೊದಲೇ ಕೊಯ್ದಿರಿ.

ಕೆಲವು ದಿನ ನಮ್ಮನ್ನು ಕಾಪಾಡಿದವರು ಪಕ್ಕದ ಹಾಸಿಗೆಯ ಕಂಡಕ್ಟರಮ್ಮ. ಲಿವರ್ ಕೈಕೊಟ್ಟಿದ್ದರೂ ಬಸ್ಸಿನಲ್ಲಿ ಪಳಗಿದ ಗಂಟಲು ಗಟ್ಟಿಯಿತ್ತು. ನಾನು ಪಿಸುಗುಟ್ಟಿದ್ದನ್ನು ಅವರು ಕೂಗಿ ಹೇಳುವರು. "ಯಜಮಾನ್ರೇ, ಅಂಗಿ ಗುಂಡಿ ಮೇಲ್ಕೆಳಗೆ ಆಗಿದೆಯಂತೆ! ಬಾಗ್ಲಲ್ಲಿ ನಿಲ್ಬೇಡಿ, ಒಳಗ್ ಬನ್ನಿ!" ತಲುಪಿಸುವುದರ ಜೊತೆಗೆ ತಮ್ಮದೂ ಸೇರಿಸುವರು. "ಊಟಕ್ಕೆ ತಂಗಿ ಮನೆಗೆ ಹೋಗ್ಬೇಕಂತೆ. ನನ್ ಕೇಳಿದ್ರೆ ಬೇಡ, ನೀವೇ ಅಡಿಗೆ ಕಲೀರಿ!" ಆಮೇಲೆ ನೆಲ ಒರೆಸುವವರು ತಂಗಿಯ ಪರ, ಎದುರು ಹಾಸಿಗೆಯ ಅಜ್ಜಿ ಅಡಿಗೆಯ ಪರ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ; ನಮ್ಮದು ಇಡೀ ವಾರ್ಡು ಉಂಡು ಮಲಗುವ ತನಕ ನಡೆಯಿತು. ತಮ್ಮ ಪರಿಶೀಲನೆಯಲ್ಲಿ ರೋಗಿಯ ಖಾಸಗಿತನಕ್ಕೂ ಅಂಕವಿದೆಯಂತಲ್ಲ, ಅದಕ್ಕೆ ಎಷ್ಟು ಕೊಟ್ಟಿರಿ?

ಕಂಡಕ್ಟರಮ್ಮ ಹೋದ ವಾರ ತೀರಿಕೊಂಡರು. ಅಷ್ಟು ಗಟ್ಟಿ ದನಿ ನಿಂತುಹೋದದ್ದಕ್ಕೆ ನನಗೆ ಬಹಳ ಸಂಕಟವಾಯಿತು. ಈಗ ಯಜಮಾನರು ಕುರ್ಚಿಯಲ್ಲಿ ಕೂತು, ನನ್ನ ತುಟಿ ಅಲ್ಲಾಡಿದಾಗಲೆಲ್ಲ ತಲೆಯಾಡಿಸುತ್ತಾರೆ. ಮೊನ್ನೆ ಕೇಳಿದೆ, "ರೀ, ನಾನು ಹೋದ್ಮೇಲೆ ಒಬ್ರೇ ಹೇಗಿರ್ತೀರಿ?"

"ಹೂಂ ಹೂಂ, ಆಗ್ಲಿ, ಆಗ್ಲಿ" ಎಂದು ನಕ್ಕರು. ನಾನೂ ನಕ್ಕೆ. ಅವರು ಹೋದ ಮೇಲೆ ಗೋಡೆಯ ಕಡೆ ಹೊರಳಿ ಮಲಗಿದೆ.

ಬರೆದು ತೋರಿಸಬಾರದೇ ಎನ್ನುವಿರೇನೋ. ತಮಗೆ ಬರೆಯುತ್ತಿದ್ದೇನಲ್ಲ, ಸಾಲದೇ? ಗಂಡನಿಗೂ ಅರ್ಜಿ ಹಾಕಬೇಕೇ? ಸ್ವಾಮಿ, ನನಗೆ ಸಾಯಲು ಭಯವಾಗುತ್ತಿದೆ. ಊರಿಗೆಲ್ಲ ತಮಾಷೆ ಮಾಡುವ ಬಾಯಿ ಇದು, ಆದರೂ ಭಯ. ಡಾಕ್ಟರಿಗೆ ಹೇಳಿದರೆ ಮಾತ್ರೆ ಕೊಡುತ್ತಾರೆ. ನಾನಿದನ್ನು ಹೇಳಬೇಕಾದದ್ದು ಯಜಮಾನರೊಬ್ಬರಿಗೆ, ಅವರ ಕಿವಿಯಲ್ಲಿ.

ಆದ್ದರಿಂದ ಫಲಕ ತೆಗೆಸಿ. ಎಲ್ಲವನ್ನೂ ತೆಗೆಸಲಾಗದಿದ್ದರೆ ನನ್ನ ತಲೆಯ ಮೇಲಿನದನ್ನಾದರೂ. ಯಜಮಾನರು ಕೈ ತೊಳೆದು, ಒಗೆದ ಬಟ್ಟೆ ಹಾಕಿಕೊಂಡೇ ಬರುತ್ತಾರೆ. ಹಾಸಿಗೆಯ ಹೊದಿಕೆ ಕೊಳೆಯಾಗುವ ಚಿಂತೆಯೇ? ನಾನು ಹೋದ ಮೇಲೆ ಹೇಗೂ ಬದಲಿಸುತ್ತೀರಿ. ಕಡತ ಮೇಜಿನಿಂದ ಮೇಜಿಗೆ ಸಾಗಲು ಸಮಯ ಹಿಡಿಯುತ್ತದೆ, ಬಲ್ಲೆ. ಆದರೂ ಬೇಗ ಮಾಡಿ. ಉತ್ತರ ಬರಲಿಲ್ಲವೆಂದು ಮತ್ತೊಂದು ಪತ್ರ ಬರೆಯಲು ನಾನಿರುವುದಿಲ್ಲ.

ಇಂತಿ,
ಈ ಪತ್ರ ಬರೆಯುವ ಹೊತ್ತಿಗೆ ಇನ್ನೂ ಇರುವ,
ಕಿಟಕಿ ಪಕ್ಕದ ಹಾಸಿಗೆಯ ದರ್ಜಿ