ಒಂದು ಪದ ಬಿಟ್ಟ ಮಾತು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ನಿನ್ನ ಪತ್ರ ಬಂತು. ಅಕ್ಷರ ನೋಡಿದ ಕೂಡಲೇ ಬೆರಳು ಹೇಗಿರಬಹುದು ಎಂದು ಗೊತ್ತಾಯಿತು. ಸಾಲುಗಳೆಲ್ಲ ಕೆಳಕ್ಕೆ ಜಾರಿವೆ. ಇನ್ನು ಮೇಲೆ ಪೆನ್ನಿಗೆ ಬಟ್ಟೆ ಸುತ್ತಿಕೊಂಡು ಬರೆ. ದಪ್ಪಗಿದ್ದರೆ ಹಿಡಿಯಲು ಸುಲಭ. ನಾನೂ ಹಾಗೆಯೇ ಬರೆಯುತ್ತಿದ್ದೇನೆ.

ಹೋದ ವಾರ ನಾನು ನಿಮ್ಮ ಮನೆಗೆ ಬಂದದ್ದರಿಂದ ಏನೂ ಪ್ರಯೋಜನವಾಗಲಿಲ್ಲ ಎಂದು ಬರೆದಿದ್ದೀಯ. ಬಾಯಿಬಿಟ್ಟು ನಾಲ್ಕು ಮಾತು ಹೇಳೋಕೂ ಆಗಲಿಲ್ವಾ ನಿಂಗೆ ಎಂದು ಕೇಳಿದ್ದೀಯ. ಹೇಳಿದೆ ಅಕ್ಕ. ನೀನು ಒಳಗೆ ಟೀ ಮಾಡುತ್ತಿದ್ದೆ, ನಿನಗೆ ಕೇಳಿಸಲಿಲ್ಲ. ಅಲ್ಲಿ ನಡೆದದ್ದನ್ನು ನಿನಗೆ ಹೇಳುವುದು ಬೇಡ ಅಂದುಕೊಂಡಿದ್ದೆ. ನೀನೇ ಕೇಳಿದ್ದರಿಂದ ಹೇಳುತ್ತೇನೆ.

ನಿನ್ನ ಅತ್ತೆ ಮತ್ತು ಭಾವ ಸೋಫಾದ ಮೇಲಿದ್ದರು. ನಾನು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕುಳಿತಿದ್ದೆ. ಹಿರಿಯರ ಎದುರು ಮಾತು ಶುರು ಮಾಡುವುದು ನನಗೆ ಎಷ್ಟು ಕಷ್ಟ ಎಂದು ನಿನಗೆ ಗೊತ್ತು. ಆದರೂ ಹೇಳಿದೆ. "ಅಕ್ಕನಿಗೂ ನನ್ನ ಸಂಧಿವಾತಾನೇ ಬಂದಿರೋ ಹಾಗಿದೆ. ಬೆಳಿಗ್ಗೆ ಕೈಕಾಲು ಮರಗಟ್ಟಿರುತ್ತೆ, ಅದು ಸೋಮಾರಿತನ ಅಲ್ಲ. ತಡ ಮಾಡದೆ ಡಾಕ್ಟರಿಗೆ ತೋರಿಸಿ" ಎಂದೆ.

ಅತ್ತೆ ನಕ್ಕರು. "ನಿಂಗೆ ಏನಾಗಿತ್ತು ಅಂತ ನಿಮ್ಮಕ್ಕನೇ ಹೇಳಿದಾಳಲ್ಲಮ್ಮ, ತಾನೇ ಮಾಡ್ಕೊಳ್ಳೋ ಕಾಯಿಲೆ ಅಂತ. ಈಗ ಅವಳೂ ಮಾಡ್ಕೊಂಡಿದಾಳೆ. ಒಂದೇ ತಾಯಿ ಮಕ್ಕಳಲ್ವಾ" ಎಂದರು. ಭಾವ ಫೋನಿನಿಂದ ತಲೆ ಎತ್ತದೆ, "ಇವಳದು ಮೊದಲನೇ ಶೋ, ಅವಳದು ಎರಡನೇ ಶೋ" ಎಂದರು. ಆಗಲೇ ನೀನು ಬಂದದ್ದು. ತಟ್ಟೆ ಹಿಡಿಯಲಾಗದೆ ಒಂದೊಂದೇ ಲೋಟವನ್ನು ಎರಡು ಅಂಗೈಗಳ ನಡುವೆ ಇಟ್ಟುಕೊಂಡು ತಂದೆ. "ನೋಡು ನೋಡು, ತಂಗಿ ಬಂದ ಕೂಡ್ಲೆ ನಡುಕ ಜಾಸ್ತಿಯಾಯ್ತು" ಎಂದು ಅತ್ತೆ ಹೇಳಿದ್ದನ್ನು ನೀನೂ ಕೇಳಿಸಿಕೊಂಡೆ. ನಾನು ಟೀ ಮುಗಿಸಿ ಹೊರಟುಬಿಟ್ಟೆ.

ತಾನೇ ಮಾಡ್ಕೊಳ್ಳೋ ಕಾಯಿಲೆ ಎನ್ನುವ ಆ ಮಾತು ಎಲ್ಲಿ ಹುಟ್ಟಿತು ಎಂದು ನೆನಪಿದೆಯಾ? ಹಿಂದೆ ನಾನು ನಿಮ್ಮ ಮನೆಯಲ್ಲೇ ಇದ್ದಾಗ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನೀನೇ. ಅವರು ನಿಧಾನವಾಗಿ ಬಿಡಿಸಿ ಹೇಳಿದರು. "ಇದು ಹೊರಗಿಂದ ಅಂಟಿದ್ದಲ್ಲ. ಮೈಯನ್ನ ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಕೀಲುಗಳನ್ನ ಹೊಡೀತಿದೆ. ಇವರ ಮೈ ತಾನೇ ಹೀಗೆ ಮಾಡ್ಕೊಳ್ತಿದೆ" ಎಂದರು. ನೀನು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, "ಏನಿಲ್ಲ ಅತ್ತೆ, ತಾನೇ ಮಾಡ್ಕೊಳ್ತಿರೋದಂತೆ" ಎಂದೆ. ಮೈ ಎನ್ನುವ ಒಂದು ಪದವನ್ನು ನೀನು ದಾರಿಯಲ್ಲಿ ಬಿಟ್ಟು ಬಂದಿದ್ದೆ. ತಪ್ಪಾಗಿ ಕೇಳಿಸಿತ್ತೋ, ಹಾಗೆ ಹೇಳಿದರೆ ಅತ್ತೆಯ ಮುಂದೆ ಬೇಗ ಪಾರಾಗಬಹುದು ಎಂದುಕೊಂಡೆಯೋ, ನಾನು ಕೇಳಲಿಲ್ಲ.

ಆಮೇಲೆ ನಾನು ಮಹಾರಾಣಿಯಾದೆ. "ಮಹಾರಾಣಿ ಎದ್ದರಾ" ಎಂದು ಭಾವ ಕೇಳಿದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ನೀನು. ಮೆಟ್ಟಿಲು ಒರೆಸುವ ಬಟ್ಟೆಯನ್ನು ನನಗೆ ಹಿಂಡಲಾಗುತ್ತಿರಲಿಲ್ಲ. ನೀರು ಸುರಿಯುವ ಬಟ್ಟೆಯಲ್ಲೇ ಒರೆಸಿದ್ದಕ್ಕೆ ಬೈಸಿಕೊಂಡೆ. ಒಂದು ದಿನ ನನ್ನ ಮಾತ್ರೆ ಡಬ್ಬಿಯ ಮುಚ್ಚಳವನ್ನು ನೀನು ಬಿಗಿಯಾಗಿ ತಿರುಗಿಸಿ ಮೇಜಿನ ಮೇಲಿಟ್ಟು, "ನಿಜವಾಗ್ಲೂ ಬೇಕಿದ್ರೆ ತೆಗೀತಾಳೆ ಬಿಡಿ" ಎಂದೆ. ಆ ದಿನ ನಾನು ಮಾತ್ರೆ ತೆಗೆದುಕೊಳ್ಳಲಿಲ್ಲ. ನನಗೆ ಬೇಕಿರಲಿಲ್ಲ ಎಂದು ಅದರಿಂದ ಸಾಬೀತಾಯಿತು.

ನನ್ನ ಮಾತನ್ನು ನಂಬಬಾರದು ಎಂದು ಆ ಮನೆಗೆ ನೀನು ಕಲಿಸಿದೆ. ಚೆನ್ನಾಗಿ ಕಲಿತಿದ್ದಾರೆ. ಈಗ ನನ್ನನ್ನೇ ಸಾಕ್ಷಿಗೆ ಕರೆದರೆ ಹೇಗೆ ಅಕ್ಕ?

ನಾನು ಹೇಗಿದ್ದೇನೆ ಎಂದೂ ಕೇಳಿದ್ದೀಯ. ಚೆನ್ನಾಗಿದ್ದೇನೆ. ನೋವು ಹೋಗಿಲ್ಲ. ಅದು ಇದ್ದಲ್ಲೇ ಇದೆ, ನಾನೂ ಇದ್ದೇನೆ. ಲಾಂಡ್ರಿಯಲ್ಲಿ ಬಟ್ಟೆ ತೆಗೆದುಕೊಂಡು ನಂಬರ್ ಚೀಟಿ ಹಾಕುವ ಕೆಲಸ. ಮೊದಲು ಪಿನ್ನು ಚುಚ್ಚಬೇಕಿತ್ತು, ಆಗುತ್ತಿರಲಿಲ್ಲ. ಲಾಂಡ್ರಿಯವರೇ ಅಗಲ ಬಾಯಿಯ ಕ್ಲಿಪ್ಪು ತಂದುಕೊಟ್ಟರು. ಎಲ್ಲರಿಗಿಂತ ತಡವಾಗಿ ಹೋಗುತ್ತೇನೆ, ತಡವಾಗಿ ಬರುತ್ತೇನೆ. ಹೋದ ಕೂಡಲೇ ಇಸ್ತ್ರಿ ಮೇಜಿನ ಹಬೆಯ ಹತ್ತಿರ ಕೈ ಹಿಡಿದು ನಿಲ್ಲುತ್ತೇನೆ. "ಏನಮ್ಮ, ಇವತ್ತು ಬೆರಳು ಹಾಜರಾ, ರಜಾನಾ?" ಎಂದು ಇಸ್ತ್ರಿ ಅಣ್ಣ ಕೇಳುತ್ತಾರೆ. "ಅರ್ಧ ದಿನ ರಜಾ" ಎನ್ನುತ್ತೇನೆ. ಅಲ್ಲಿಗೆ ಮುಗಿಯಿತು. ಯಾರೂ ಪರೀಕ್ಷೆ ಮಾಡುವುದಿಲ್ಲ.

ನೀನೂ ಹೀಗೆ ಬದುಕಬಹುದು. ಎದ್ದ ಕೂಡಲೇ ಬಿಸಿನೀರಿನಲ್ಲಿ ಕೈ ಅದ್ದು. ಪಾತ್ರೆಯನ್ನು ಎತ್ತಬೇಡ, ಕಟ್ಟೆಯ ಮೇಲೆ ಜಾರಿಸು. ಸುಸ್ತಾಗುವ ಮೊದಲೇ ಕುಳಿತುಕೋ, ಆದ ಮೇಲೆ ಕುಳಿತರೆ ಆ ದಿನ ಏಳಲಾಗುವುದಿಲ್ಲ. ಮಾತ್ರೆ ಕೊಟ್ಟರೆ ನೋವು ಕಡಿಮೆಯಾಯಿತು ಎಂದು ನೀನಾಗಿ ನಿಲ್ಲಿಸಬೇಡ.

ನನ್ನ ಡಾಕ್ಟರು ಮಂಗಳವಾರ ಬೆಳಿಗ್ಗೆ ಕೂರುತ್ತಾರೆ. ನೀನು ಬರುತ್ತೀಯ ಎಂದು ಅಲ್ಲಿ ಹೇಳಿಟ್ಟಿದ್ದೇನೆ. ಮನೆಯಲ್ಲಿ ಯಾರ ಒಪ್ಪಿಗೆಯನ್ನೂ ಕಾಯಬೇಡ, ಅದು ಸಿಗುವುದಿಲ್ಲ. ಮಾರ್ಕೆಟ್ಟಿಗೆ ಎಂದು ಹೇಳಿ ಹೊರಟುಬಿಡು. ನಾನು ಜೊತೆಗೆ ಬರುವುದಿಲ್ಲ. ಅವರು ಹೇಳುವುದನ್ನು ನೀನೇ ಕೇಳಿಸಿಕೊಳ್ಳಬೇಕು. ಈ ಸಲ ಪೂರ್ತಿಯಾಗಿ ಕೇಳಿಸಿಕೋ.

ಸ್ವಲ್ಪ ದಿನ ನಿನ್ನ ರೂಮಿನಲ್ಲಿ ಬಂದಿರಲಾ ಎಂದು ಕೊನೆಯಲ್ಲಿ ಬರೆದಿದ್ದೀಯ. ಆ ಸಾಲಿನಲ್ಲಿ ಅಕ್ಷರ ಎಲ್ಲಕ್ಕಿಂತ ಸಣ್ಣದಾಗಿತ್ತು. ಆಗುವುದಿಲ್ಲ ಅಕ್ಕ. ರೂಮು ಕೊಟ್ಟಿರುವ ಅಜ್ಜಿ ಒಬ್ಬರಿಗಿಂತ ಹೆಚ್ಚು ಜನ ಇರಬಾರದು ಎಂದು ಮೊದಲೇ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಬೇಜಾರು ಮಾಡಿಕೊಳ್ಳಬೇಡ.

ಕೈ ಜೋಪಾನ.

ನಿನ್ನ ತಂಗಿ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆಯುತ್ತೇನೆ. ಅಜ್ಜಿ ಹಾಗೆ ಹೇಳಿಲ್ಲ. ನಿನ್ನ ವಿಷಯ ತಿಳಿದು, "ಕರ್ಕೊಂಡು ಬಾರಮ್ಮ, ಪಾಪ, ಇನ್ನೊಂದು ಹಾಸಿಗೆ ಹಾಕಿದ್ರಾಯ್ತು" ಎಂದು ಅವರೇ ಹಾಸಿಗೆಯನ್ನು ಬಿಸಿಲಿಗೆ ಹಾಕಿದರು. ನಾನು ಅದನ್ನು ನೋಡುತ್ತಾ ನಿಂತೆ. ನೀನು ಬಂದರೆ, ಬೆಳಿಗ್ಗೆ ಎದ್ದು ಕೂರಲು ನಾನು ಒದ್ದಾಡುವಾಗ ಆ ಹಾಸಿಗೆಯಿಂದ ನನ್ನನ್ನು ನೋಡುತ್ತಿರುತ್ತೀಯ. ನೀನು ಏನೂ ಅನ್ನುವುದಿಲ್ಲ, ನಿನಗೆ ಈಗ ಗೊತ್ತಿದೆ. ಆದರೂ ನಿನ್ನ ಆ ನಗು ನನಗೆ ಕೇಳಿಸುತ್ತದೆ. ಕರೆದೆ, ಅಕ್ಕನೇ ಬರಲು ಒಪ್ಪಲಿಲ್ಲ ಎಂದು ಅಜ್ಜಿಗೆ ಹೇಳಿದ್ದೇನೆ. ಅವರು ನಂಬಿದರು.